ಫರಹೀನ ಎರಡನೇ ಸಲ ಬೇರೆಯಾದದ್ದು

ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನೂ ಫರಹೀನಳೂ ಸೇರಿ ಒಂದು ಆನ್‌ಲೈನ್ ಸೆಂಟರ್ ನಡೆಸುತ್ತೇವೆ. ಬಂದವರೆಲ್ಲ ಮೊದಲು ಮಾತಾಡಿಸುವುದು ಈ ಅನುರಾಧಾಳನ್ನು, ಅಂದರೆ ನನ್ನನ್ನು. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಬೆಳೆ ವಿಮೆ ಎಲ್ಲ ನನ್ನ ಕಡೆ. ಒಳಗಿನ ಮೂಲೆಯಲ್ಲಿ ರೊಟ್ಟಿ ಹಿಟ್ಟು ನಾದುವ ಪರಾತದ ತುಂಬ ಹಳೇ ಮೊಬೈಲು ಹರವಿಕೊಂಡು ಕೂತವಳನ್ನು ನೋಡಿ, "ಮೊಬೈಲ್ ರಿಪೇರಿನೂ ಮಾಡ್ತೀರೇನ್ರಿ?" ಎಂದು ಕೇಳದವರಿಲ್ಲ. ಫರಹೀನ ತಲೆ ಎತ್ತದೆ "ಇಲ್ರಿ" ಎನ್ನುತ್ತಾಳೆ, ಮುಂದೆ ಮಾತಿಲ್ಲ. ಅಷ್ಟಕ್ಕೇ ಅವಳನ್ನು ಸೊಕ್ಕಿನವಳು ಅಂದವರಿದ್ದಾರೆ. ಸೊಕ್ಕು ಇದೆ, ನಾನು ಇಲ್ಲ ಅನ್ನುವುದಿಲ್ಲ. ಇರಬೇಕಾದಷ್ಟೇ ಇದೆ.

ಅವಳ ಕೆಲಸ ಏನೆಂದು ನನಗೆ ತಿಳಿಯಲಿಕ್ಕೆ ಎರಡು ವರ್ಷ ಹಿಡಿಯಿತು. ನಿಮಗೆ ಎರಡು ಮಾತಿನಲ್ಲಿ ಹೇಳುತ್ತೇನೆ, ಸಮಾಧಾನದಿಂದ ಕೇಳಿ. ಜಾಲತಾಣ ಕಟ್ಟುವವರು ಎಲ್ಲವನ್ನೂ ಮೊದಲಿನಿಂದ ಬರೆಯುತ್ತಾ ಕೂರುವುದಿಲ್ಲ. ಯಾರೋ ಮೊದಲೇ ಕಟ್ಟಿಟ್ಟ ಚೌಕಟ್ಟು ತಗೊಂಡು ಅದರ ಮೇಲೆ ತಮ್ಮ ಗೋಡೆ ಏರಿಸುತ್ತಾರೆ. ಅಂಥದ್ದೊಂದು ಚೌಕಟ್ಟಿನ ಕೋಡನ್ನು, ಅಂದರೆ ಕಂಪ್ಯೂಟರಿಗೆ ಬರೆದ ಸೂಚನೆಗಳನ್ನು, ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು ಅಂತ ಬಹಿರಂಗವಾಗಿ ಇಟ್ಟಿದ್ದರು. ಒಂದು ದಿನ ಅದರ ಒಡೆತನದ ಕಂಪನಿ ಕರಾರು ಬದಲಿಸಿ, ಬಳಸುವವರ ವಿವರವೆಲ್ಲ ತನಗೆ ಬಂದು ಸೇರಬೇಕೆಂದಿತು. ಸಿಟ್ಟಿಗೆದ್ದ ಒಂದಿಷ್ಟು ಜನ ಹಳೇ ಕೋಡಿನ ಪ್ರತಿ ತಗೊಂಡು ಬೇರೆಯಾದರು. ಅದಕ್ಕೆ ಫೋರ್ಕ್ ಅನ್ನುತ್ತಾರೆ. ನಾನು ಕವಲು ಅನ್ನುತ್ತೇನೆ. ಆ ಕವಲಿನ ನಿಜವಾದ ಹೆಸರು ಹೇಳಿ ಅವರಿಗೆ ಪುಕ್ಕಟೆ ಪ್ರಚಾರ ಕೊಡುವ ಮನಸ್ಸು ನನಗಿಲ್ಲ.

ಈ ಚೌಕಟ್ಟಿನ ದೊಡ್ಡ ಭಾಗ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತದೆ. ಸಣ್ಣ ಭಾಗವೊಂದು, ಜಾವಾಸ್ಕ್ರಿಪ್ಟಿನಲ್ಲಿ ಬರೆದದ್ದು, ನಮ್ಮ ನಿಮ್ಮ ಮೊಬೈಲಿಗೆ ಬಂದು ಕೂತು ಆ ದೊಡ್ಡದರ ಜೊತೆ ಮಾತಾಡುತ್ತದೆ. ಅದು ಕ್ಲೈಂಟ್ ಪ್ಯಾಕೇಜು. ಬೇರೆಯಾದ ಹೊತ್ತಿನಲ್ಲಿ ದೊಡ್ಡ ಭಾಗಕ್ಕೆ ಕೈ ಹಾಕಲು ನಾ ಮುಂದು ತಾ ಮುಂದು. ಸಣ್ಣದನ್ನು ಕೇಳುವವರಿಲ್ಲ. ಮದುವೆಯಲ್ಲಿ ಬಡಿಸಲಿಕ್ಕೆ ಊರೆಲ್ಲ ಟೊಂಕ ಕಟ್ಟುತ್ತದೆ, ಮುಸುರೆ ತಿಕ್ಕಲಿಕ್ಕೆ ಯಾರು ಬರುತ್ತಾರೆ ಹೇಳಿ. "ಇದನ್ನು ಯಾರು ನೋಡಿಕೊಳ್ಳುತ್ತೀರಿ?" ಎಂದು ಅವರು ಕೇಳಿದಾಗ "ನಾನು" ಎಂದವಳು ಆಳಂದದ ಫರಹೀನ.

ನೋಡಿಕೊಳ್ಳುವುದೆಂದರೆ ಸುಮ್ಮನೆ ಅಲ್ಲ. ಬ್ರೌಸರಿನವರು ಏನೋ ಬದಲಿಸಿದರೆ ಇವಳದು ಮುರಿಯುತ್ತದೆ. ಎಲ್ಲಿಯದೋ ಊರಿನವನು ಗುಂಡಿ ಒತ್ತಿದರೆ ಕೆಲಸ ಮಾಡುವುದಿಲ್ಲ ಎಂದು ಬೈದು ಬರೆಯುತ್ತಾನೆ. ಬೈಗುಳದೊಳಗಿನ ದೂರನ್ನು ಹುಡುಕಿ ತೆಗೆದು, ಪರಾತದ ಹಳೇ ಮೊಬೈಲುಗಳಲ್ಲಿ ಒಂದೊಂದಾಗಿ ಓಡಿಸಿ ನೋಡಿ, ತಿದ್ದಿ, ಹೊಸ ಆವೃತ್ತಿ ಬಿಡಬೇಕು. ಥ್ಯಾಂಕ್ಸ್ ಹೇಳಿದವರನ್ನು ನಾನು ಕಂಡಿಲ್ಲ.

ಆ ಪ್ಯಾಕೇಜಿಗೆ ಅವಳು ತನ್ನದೇ ಒಂದು ಗುಣ ಸೇರಿಸಿದ್ದಳು. ನಮ್ಮ ಕಡೆ ನೆಟ್ ಬಂದರೆ ಬಂತು, ಹೋದರೆ ಹೋಯಿತು. ಸರಸಂಬಾದ ಕಾಶಿಬಾಯಿ ಒಂದು ದಿನ ವಿಧವಾ ವೇತನದ ಅರ್ಜಿ ತುಂಬಿಸಲು ಬಂದು, ಪ್ರತಿ ಸಲವೂ ಕೊನೆಯ ಪುಟದಲ್ಲಿ ನೆಟ್ ಹೋಗಿ, ಬರೆಸಿದ್ದೆಲ್ಲ ಅಳಿಸಿ, ಸಂಜೆಯ ಬಸ್ಸು ತಪ್ಪಿಸಿಕೊಂಡು ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅವತ್ತಿನ ಮೇಲೆ ಫರಹೀನ ಕೂತು ಬರೆದದ್ದು ಇದು: ನೆಟ್ ಹೋದರೆ ತುಂಬಿದ ಅಕ್ಷರವೆಲ್ಲ ತುಂಬಿದವರ ಮೊಬೈಲಿನಲ್ಲೇ ಉಳಿಯುತ್ತದೆ. ನೆಟ್ ಮರಳಿ ಬಂದಾಗ "ಕಳಿಸಲೇ?" ಎಂದು ಕೇಳುತ್ತದೆ. ಹೂಂ ಅಂದರೆ ಹೋಗುತ್ತದೆ. ಇಲ್ಲ ಅಂದರೆ ಅಲ್ಲೇ ಅಳಿಸಿಹೋಗುತ್ತದೆ, ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಅವಳು ಪುಸ್ತಕ ಓದಿ ಕಲಿತಿರಲಿಲ್ಲ. ಅವಳ ತಾಯಿ ಮೆಹರಾಜಬೇಗಂಗೆ ಬಜಾರದಲ್ಲಿ ಬಳೆ ಅಂಗಡಿ ಇದೆ. ನಾನು ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಸಂತೆಯ ದಿನ ಮಾದನಹಿಪ್ಪರಗಾ, ಸರಸಂಬಾ ಕಡೆಯ ಹೆಂಗಸರು ಬಸ್ ಇಳಿದು ಗಂಟು, ಥೈಲಿ ಎಲ್ಲ ಖಾಲಾನ ಅಂಗಡಿಯಲ್ಲಿಟ್ಟು ಕೈ ಬೀಸಿಕೊಂಡು ಬಜಾರ ತಿರುಗುತ್ತಾರೆ. ಚೀಟಿಯಿಲ್ಲ, ಬಾಡಿಗೆಯಿಲ್ಲ. ಹಾಗೆ ನಂಬಿ ಇಟ್ಟದ್ದಕ್ಕೆ ಅಮಾನತ್ ಅನ್ನುತ್ತಾರೆ. ಖಾಲಾನ ಕಾಯಿದೆ ಒಂದೇ: ಇಟ್ಟ ಕೈಗೇ ವಾಪಸ್. ಒಮ್ಮೆ ಕಾಶಿಬಾಯಿಯ ಮೈದುನ ಬಂದು, "ನಮ್ಮ ವೈನಿ ಥೈಲಿ ಕೊಡ್ರಿ, ನಾನೇ ಒಯ್ತೇನಿ" ಎಂದು ಅರ್ಧ ತಾಸು ಕೂಗಾಡಿದ. ಖಾಲಾ ಬಳೆ ಪೋಣಿಸುವುದನ್ನು ನಿಲ್ಲಿಸಲಿಲ್ಲ. "ಥೈಲಿ ಆಕೀದು. ಆಕೀ ಬಂದು ಕೊಡು ಅಂದ್ರ ನಿನಗ ಕೊಡ್ತೇನಿ" ಎಂದಳು. ಆ ಅಂಗಡಿಯ ಮೆಟ್ಟಿಲ ಮೇಲೆ ಆಡಿ ಬೆಳೆದವಳು ಬರೆದ ಪ್ಯಾಕೇಜು ಇನ್ನು ಹೇಗಿರಬೇಕು?

ಕೂಸು ಹೊಟ್ಟೆಯಲ್ಲಿ ಬಲಿತು ಕುರ್ಚಿಯಲ್ಲಿ ಕೂರಲಿಕ್ಕೂ ಆಗದಾದಾಗ, ಬಾಣಂತನ ಮುಗಿಯುವ ತನಕ ಪ್ಯಾಕೇಜನ್ನು ಯಾರಿಗಾದರೂ ವಹಿಸಬೇಕಾಯಿತು. ಹೊಸ ಆವೃತ್ತಿ ಬಿಡುವ ಹಕ್ಕು ಇದ್ದದ್ದು ಅವಳೊಬ್ಬಳ ಕೈಯಲ್ಲಿ. ಕವಲಿನ ಗುಂಪಿನಲ್ಲಿ ದೂರದೇಶದ ಹೆಂಗಸೊಬ್ಬಳಿದ್ದಳು. "ನಾನು ನೋಡಿಕೊಳ್ಳುತ್ತೇನೆ, ಇಷ್ಟು ದಿನಕ್ಕೆ ಹಕ್ಕು ನಿನಗೆ ತಾನಾಗಿಯೇ ವಾಪಸ್ ಬರುವಂತೆ ಎಲ್ಲರೆದುರು ಬರೆದಿಡೋಣ" ಎಂದಿದ್ದಳು. ಫರಹೀನ ಆಕೆಯನ್ನು ಬಿಟ್ಟು ಜೇವರ್ಗಿಯ ಪರಮೇಶನನ್ನು ಆರಿಸಿದಳು. ಅವನು ಕವಲಿನ ಕೈಪಿಡಿ ಬರೆಯುವವ. ಒಮ್ಮೆ ಆಳಂದಕ್ಕೆ ಬಂದಾಗ ಖಾಲಾನ ಮನೆಯಲ್ಲಿ ಉಂಡು ಹೋಗಿದ್ದ, ಫರಹೀನಳನ್ನು ತಂಗಿ ಅನ್ನುತ್ತಿದ್ದ.

"ಅವನ ಹಂತೇಲಿನೂ ಬರಸಿಕೋ ಬೇ" ಎಂದೆ ನಾನು.

"ನಮ್ಮ ಕಡೆಯವ ಅದಾನ, ಅನು. ನಮ್ಮ ಮನಿ ರೊಟ್ಟಿ ತಿಂದಾನ. ಬರಸಿಕೊಂಡ್ರ ಅವನಿಗೆ ಅವಮಾನ ಆಗ್ತದ."

ಇದು ನಮ್ಮ ಕಡೆಯ ಜನರ ರೋಗ. ಮುಂಬಯಿಯ ಸ್ಟೇಷನ್ನಿನಲ್ಲಿ ಮುಖ ಪರಿಚಯವಿಲ್ಲದವನು "ನಾ ಯಡ್ರಾಮಿಯಂವ್ರಿ" ಅಂದರೆ ಸಾಕು, ಅವನಿಗೆ ನಮ್ಮ ಟ್ರಂಕು ಕಾಯಲು ಹೇಳಿ ಚಹಾ ಕುಡಿಯಲು ಹೋಗುತ್ತೇವೆ. ದೂರದವರ ಹತ್ತಿರ ಎಲ್ಲಕ್ಕೂ ಕಾಗದ ಬೇಕು. ನಮ್ಮವನ ಹತ್ತಿರ ಕಾಗದ ಕೇಳಲು ನಾಲಿಗೆ ಏಳುವುದಿಲ್ಲ.

ಹೆಣ್ಣು ಕೂಸು ಹುಟ್ಟಿತು. ಫರಹೀನ ತವರಿನ ಒಳಕೋಣೆ ಸೇರಿದಳು. ಗಂಡ ಖಲೀಲ ಅಫಜಲಪುರದವ, ಆಳಂದದಲ್ಲೇ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ್ದಾನೆ. ದಿನಕ್ಕೊಮ್ಮೆ ಬಂದು ಕೂಸಿನ ಮುಖ ನೋಡಿ ಹೋಗುವಷ್ಟೇ ಅವನಿಗೆ ಅಪ್ಪಣೆ. ಚಿಲ್ಲಾ, ಅಂದರೆ ನಲವತ್ತು ದಿನದ ಬಾಣಂತನ, ಖಾಲಾನ ರಾಜ್ಯ. ತಲೆಗೆ ಬಿಗಿ ರುಮಾಲು, ಕಿವಿಗೆ ಹತ್ತಿ, ಬೆಳಗ್ಗೆ ಅಜವಾನದ ಹೊಗೆ, ಹೊತ್ತು ಹೊತ್ತಿಗೆ ತುಪ್ಪ ಸುರಿದ ಹರೀರಾ ಗಂಜಿ. ಗಾಳಿಗೆ ಬರುವಂತಿಲ್ಲ. ಬೆಳಕಿನ ಪರದೆ ನೋಡಿದರೆ ಬಾಣಂತಿಯ ಕಣ್ಣು ಹೋಗುತ್ತವೆ ಎಂದು ಮೊಬೈಲನ್ನೂ ಲ್ಯಾಪ್‌ಟಾಪನ್ನೂ ತನ್ನ ಟ್ರಂಕಿನಲ್ಲಿಟ್ಟು ಖಾಲಾ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಒಂದು ದಿನ ಸೆಂಟರಿನಲ್ಲಿ ಫರಹೀನಳ ಕಂಪ್ಯೂಟರು ಒರೆಸುವಾಗ ಅದರಲ್ಲಿ ಕವಲಿನ ಹೊಸ ಪ್ರಕಟಣೆ ಕಂಡಿತು. ಇಷ್ಟು ವರ್ಷ ಅವಳ ಪಕ್ಕ ಕೂತದ್ದಕ್ಕೆ ಓದಿ ಅರ್ಥಮಾಡಿಕೊಳ್ಳುವಷ್ಟು ಕಲಿತಿದ್ದೇನೆ. ಕವಲಿಗೆ ದುಡ್ಡು ಕೊಡುವ ಪ್ರಾಯೋಜಕರು ಸಿಕ್ಕಿದ್ದಾರಂತೆ. ಇನ್ನು ಮೇಲೆ ನೆಟ್ ಹೋದಾಗ ಉಳಿದ ಬರಹವೆಲ್ಲ, ನೆಟ್ ಬಂದ ಕೂಡಲೇ, ಆ ಪ್ರಾಯೋಜಕರ ಕಂಪ್ಯೂಟರಿಗೂ ಹೋಗಿ "ಸುರಕ್ಷಿತ"ವಾಗಿರುತ್ತದಂತೆ. "ಕಳಿಸಲೇ?" ಎಂಬ ಪ್ರಶ್ನೆ ಬಳಕೆದಾರರಿಗೆ ಕಿರಿಕಿರಿ, ಆದ್ದರಿಂದ ತೆಗೆಯಲಾಗಿದೆ. ಮುಂದಿನ ವಾರ ಬಿಡುಗಡೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಹಿಂದಿನ ನಿರ್ವಾಹಕಿ ಸಕ್ರಿಯರಾಗಿಲ್ಲದ ಕಾರಣ ಅವರ ಬಿಡುಗಡೆಯ ಹಕ್ಕು ರದ್ದಾಗಿದೆ, ಹೊಸ ನಿರ್ವಾಹಕ ಪರಮೇಶ.

ಸಕ್ರಿಯರಾಗಿಲ್ಲ. ಮಗು ಹೆತ್ತು ಮಲಗಿದವಳಿಗೆ ಅನ್ನುವ ಮಾತೇನ್ರಿ ಇದು? ನಾನು ಸೆಂಟರಿನ ಶಟರು ಎಳೆದು, ಮುಂದೆ ನಿಂತವರಿಗೆ ನಾಳೆ ಬನ್ನಿ ಎಂದು ಹೇಳಿ, ಬಿಸಿಲಲ್ಲಿ ಖಾಲಾನ ಮನೆಗೆ ಓಡಿದೆ. ಬಾಣಂತಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ದಾರಿಯಲ್ಲಿ ಒಂದು ಕ್ಷಣ ಅನ್ನಿಸಿತು. ಹೇಳದೆ ಇದ್ದರೆ ಅವಳು ನನ್ನನ್ನು ಜೀವಂತ ಬಿಡುತ್ತಿರಲಿಲ್ಲ.

ಫರಹೀನ ಕೇಳುತ್ತ ಕೇಳುತ್ತ ಎದ್ದು ಕೂತಳು. "ಪರಮೇಶಣ್ಣ ಫೋನ್ ಮಾಡ್ಯಾನೇನು ನಿನಗ?" ಎಂದಳು. ಇಲ್ಲ ಎಂದೆ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಪರದೆ ನೋಡದೆಯೇ ಕೆಲಸ ಶುರು ಮಾಡಿದಳು. ಅವಳು ಹೇಳಿದಳು, ನಾನು ನನ್ನ ಮೊಬೈಲಿನಲ್ಲಿ ಅವಳ ಮಾತು ರೆಕಾರ್ಡ್ ಮಾಡಿಕೊಂಡೆ. ಸೆಂಟರಿಗೆ ಹೋಗಿ ಅವಳ ಖಾತೆಯಿಂದಲೇ ಎಲ್ಲರೆದುರು ಹಾಕಿದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ನಾನು ಸತ್ತಿಲ್ಲ, ಹೆತ್ತಿದ್ದೇನೆ. ಬರೆದವರನ್ನು ಕೇಳದೆ ಅವರ ಬರಹ ಎಲ್ಲಿಗೂ ಹೋಗಕೂಡದು. ನನ್ನ ಹಕ್ಕು ನನಗೆ ಕೊಡಿ."

ಉತ್ತರ ಬಂತು. ಬಣ್ಣ ಬಣ್ಣದ ಬಲೂನಿನ ಚಿತ್ರಗಳು, ಅಭಿನಂದನೆ, ತಾಯಿ ಮಗುವಿಗೆ ಶುಭವಾಗಲಿ. ತೀರ್ಮಾನ ಮತ ಹಾಕಿ ಆಗಿದೆ, ನೀವು ಆಗ ಇರಲಿಲ್ಲ, ಈಗ ವಿಶ್ರಾಂತಿ ತೆಗೆದುಕೊಳ್ಳಿ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆ ಭಾನುವಾರ ಪರಮೇಶನೇ ಬಂದ. ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ, ಉತ್ತತ್ತಿ, ಒಣ ಕೊಬ್ಬರಿ, ಕೂಸಿಗೆ ಒಂದು ಕುಲಾಯಿ ತಂದಿದ್ದ. ಬಾಣಂತಿಯ ಕೋಣೆಗೆ ಪರಗಂಡಸು ಹೋಗುವಂತಿಲ್ಲ. ಬಾಗಿಲಿಗೆ ಖಾಲಾನ ಹಳೇ ಸೀರೆಯ ಪರದೆ. ಆಚೆ ಪಡಸಾಲೆಯ ಮಂಚದ ಮೇಲೆ ಅವನು, ಈಚೆ ಹಾಸಿಗೆಯ ಮೇಲೆ ಫರಹೀನ, ಇಬ್ಬರೂ ಕಾಣುವ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿ ನಾನು. ಅವನು ಲ್ಯಾಪ್‌ಟಾಪು ತೆರೆದು ಮಂಚದ ಮೇಲಿಟ್ಟ, ಮೊಬೈಲನ್ನು ಪಕ್ಕದಲ್ಲೇ ಚಾರ್ಜಿಗೆ ಹಾಕಿದ.

"ಆರಾಮ್ ಇದ್ದಿ ಏನವ್ವ ತಂಗಿ?"

"ಆರಾಮ್ ಇದ್ದೇನ್ರಿ. ನನ್ನ ಹಕ್ಕು ತಂದೀರೇನ್ರಿ?"

ಪರಮೇಶ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ.

"ಅದು ನನ್ನೊಬ್ಬನ ಕೈಯಾಗಿಲ್ಲವ್ವ. ವೋಟ್ ಆಗ್ಯದ. ಇಷ್ಟು ವರ್ಷ ಪುಕ್ಕಟೆ ದುಡದೀವಿ ಎಲ್ಲಾರೂ. ಈಗ ಒಬ್ಬರು ಪಗಾರ ಕೊಡ್ತೇವಂತ ಮುಂದ ಬಂದಾರ. ನಿನ್ನ ಹೆಸರೂ ಹೇಳೇನಿ. ಚಿಲ್ಲಾ ಮುಗಿಸಿಕೊಂಡು ಬಾ, ನಿನಗೂ ಪಗಾರ ಅದ."

"ಪಗಾರ ತಗೋರಿ, ಬ್ಯಾಡನ್ನಂಗಿಲ್ಲ. ಹೊಟ್ಟಿ ಎಲ್ಲಾರಿಗೂ ಅದ. ಮಂದಿ ಬರದಿದ್ದು ಯಾಕ ಒಯ್ತಾರ?"

"ಕಳೀಬಾರದಂತ."

"ನನ್ನ ಕೈಯಾಗಿದ್ದಾಗ ಯಾರದರೆ ಕಳದದೇನ್ರಿ?"

ಕೂಸು ಕುಂಯ್‌ಗುಟ್ಟಿತು. ಫರಹೀನ ಅದನ್ನು ಎತ್ತಿಕೊಂಡು, ದನಿ ಏರಿಸದೆ ಮತ್ತೆ ಕೇಳಿದಳು. "ಕಾಶಿಬಾಯಿ ಅರ್ಜಿಯೊಳಗ ಗಂಡ ಹ್ಯಾಂಗ ಸತ್ತ ಅಂತ ಬರಸ್ತಾಳ. ಬರಸಿ, ಬ್ಯಾಡಂತ ಅಳಸಿ, ಬ್ಯಾರೆ ಏನೋ ಬರಸ್ತಾಳ. ಆ ಅಳಸಿದ್ದೂ ಅವರಿಗೆ ಹೋಗ್ತದೋ ಇಲ್ಲೋ? ಖರೆ ಹೇಳ್ರಿ."

"ಹೋಗ್ತದ" ಎಂದ ಪರಮೇಶ. ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳುತ್ತೇನೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಖಾಲಾ ಆಗ ಬಾಯಿ ಬಿಟ್ಟಳು. "ಕೇಳಿ ಒಯ್ತಾರೇನಪ್ಪ?"

"ಕೇಳಿದ್ರ ಯಾರೂ ಹೂಂ ಅನ್ನಂಗಿಲ್ಲ, ಚಾಚಿ."

ಖಾಲಾ ಒಳಗೆ ಹೋಗಿ, "ಊಟಕ್ಕ ಬಾ" ಎಂದು ಕರೆದಳು. ಜಗಳ ಜಗಳದ ಪಾಲಿಗೆ, ಮನೆಗೆ ಬಂದವನು ಹಸಿದು ಹೋಗಬಾರದು. ಪರಮೇಶ ಕೈ ತೊಳೆದು ಅಡುಗೆಮನೆಗೆ ಹೋದ. ಲ್ಯಾಪ್‌ಟಾಪು ತೆರೆದೇ ಇತ್ತು. ನಾನು ಇಣುಕಿ ನೋಡಿದೆ. ಕವಲಿನ ಪುಟ, ಅವನದೇ ಖಾತೆ, ನಿರ್ವಾಹಕರ ಹೆಸರು ಸೇರಿಸುವ ಜಾಗ ಅಲ್ಲೇ ಪಕ್ಕದಲ್ಲಿ. ಗುಪ್ತ ಸಂಖ್ಯೆ ಬರುವ ಮೊಬೈಲೂ ಕೈಯಳತೆಯಲ್ಲಿ. ನಾನು ಎರಡನ್ನೂ ಎತ್ತಿಕೊಂಡು ಪರದೆ ಸರಿಸಿ ಫರಹೀನಳ ಹಾಸಿಗೆಯ ಮೇಲಿಟ್ಟೆ.

"ತಗೋ. ತೆರದೇ ಅದ. ನಿನ್ನ ಹೆಸರು ಮತ್ತ ಹಾಕಿಕೊಂಡು ಅವನದು ತಗದು ಬಿಡು. ಅವ ಎರಡನೇ ರೊಟ್ಟಿ ಮುಗಸ್ಯೂದರಾಗ ಮುಗೀತದ."

ಅವಳು ನೋಡಿದಳು. ಅವಳಿಗೆ ಆಸೆಯಾಯಿತು, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಕೂಸನ್ನು ಎಡಗೈಗೆ ಸರಿಸಿಕೊಂಡು ಬಲಗೈ ಚಾಚಿದಳು. ಮತ್ತೆ ಕೈ ಹಿಂದೆ ತಗೊಂಡಳು.

"ಇಟ್ಟ ಜಾಗಾದಾಗ ಇಟ್ಟು ಬಾ, ಅನು."

"ಹುಚ್ಚಿಯೇನು ಬೇ? ಅವ ನಿಂದು ಕಸಗೊಂಡಾನ."

"ಕಸಗೊಂಡಾನ. ಆದ್ರ ಈಗ ನಮ್ಮ ಮನಿ ನಂಬಿ ಇಟ್ಟು ಉಣ್ಣಾಕ ಹೋಗ್ಯಾನ. ಇವತ್ತು ನಾ ಅವನ ಚೀಲದಾಗ ಕೈ ಹಾಕಿದ್ರ, ನಾಳಿಗಿ ಯಾವ ಬಾಯಿಲೆ ಅವರಿಗೆ ಕೇಳಲಿ?"

ನಾನು ಒಯ್ದು ಮಂಚದ ಮೇಲೆ ಕುಕ್ಕಿದೆ. ಇವತ್ತಿಗೂ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಳ್ಳನ ಮನೆಯಿಂದ ನಮ್ಮ ತಂಬಿಗೆ ನಾವು ತಂದರೆ ಕಳವು ಹೇಗಾಗುತ್ತದೆ? ನಾನಾಗಿದ್ದರೆ ತಗೊಳ್ಳುತ್ತಿದ್ದೆ, ಮೇಲೆ ಅವನ ರೊಟ್ಟಿಗೆ ಇನ್ನಷ್ಟು ತುಪ್ಪವನ್ನೂ ಹಾಕುತ್ತಿದ್ದೆ. ಆದರೆ ಪ್ಯಾಕೇಜು ಅವಳದು, ಹಟವೂ ಅವಳದು.

ಉಂಡು ಬಂದು ಚೀಲ ಹೆಗಲಿಗೇರಿಸಿದ ಪರಮೇಶನನ್ನು ಫರಹೀನ ಪರದೆಯ ಈಚೆಯಿಂದ ನಿಲ್ಲಿಸಿದಳು. "ಪರಮೇಶಣ್ಣ, ನಾವು ಒಮ್ಮೆ ಬ್ಯಾರಿ ಆದವ್ರು. ಯಾಕ ಬ್ಯಾರಿ ಆದೀವಂತ ನೆನಪದೇನ್ರಿ?"

"ನೆನಪದ."

"ಹಂಗಾರ ಎರಡನೇ ಸಲ ಬ್ಯಾರಿ ಆಗಾಕ ನನಗೇನು ಅಂಜಿಕಿಲ್ಲ. ಹೋಗಿ ಹೇಳ್ರಿ."

ಅವನು ಹೋದ ಮೇಲೆ ಫರಹೀನ ತಾಯಿಯ ಮುಂದೆ ಕೈ ಒಡ್ಡಿದಳು. "ಅಮ್ಮಿ, ಟ್ರಂಕಿನ ಕೀಲಿ."

"ಕಣ್ಣು ಹೋಗ್ತಾವ."

"ಹೋದ್ರ ಚಾಳೀಸು ಹಾಕೋತೇನಿ."

ಖಾಲಾ ಉರ್ದುವಿನಲ್ಲಿ ಮಗಳ ಹಟವನ್ನೂ, ಆ ಹಟ ಕೊಟ್ಟು ಸತ್ತ ತನ್ನ ಗಂಡನನ್ನೂ, ಹಾಳು ಸುದ್ದಿ ತಂದ ನನ್ನನ್ನೂ ಸೇರಿಸಿ ಬೈದಳು. ಪರಮೇಶನ ಮಾತನ್ನು ಎರಡು ಮೂರು ಸಲ ತನ್ನಷ್ಟಕ್ಕೇ ಅಂದುಕೊಂಡಳು: ಕೇಳಿದ್ರ ಯಾರೂ ಹೂಂ ಅನ್ನಂಗಿಲ್ಲಂತ. ಆಮೇಲೆ ಮಗಳ ತಲೆಯ ರುಮಾಲು ಇನ್ನೊಂದು ಸುತ್ತು ಬಿಗಿದು, ಕಿವಿಯ ಹತ್ತಿ ಬದಲಿಸಿ, ಕೀಲಿಯನ್ನು ಹಾಸಿಗೆಯ ಮೇಲೆ ಎಸೆದಳು. ಒಪ್ಪಿ ಕೊಟ್ಟಳೋ ಬೇಸತ್ತು ಕೊಟ್ಟಳೋ ನಾನು ಕೇಳಲಿಲ್ಲ.

ಬಹಿರಂಗ ಕೋಡಿಗೆ ಒಂದು ನ್ಯಾಯವಿದೆ. ನಾಳೆಯದನ್ನು ಯಾರು ಕೆಡಿಸಿದರೂ ನಿನ್ನೆಯದು ಎಲ್ಲರಿಗೂ ಸಿಗುತ್ತದೆ. ಫರಹೀನ ತಾನು ಕೊನೆಯದಾಗಿ ಬಿಟ್ಟಿದ್ದ ಆವೃತ್ತಿಯನ್ನು ತಗೊಂಡು, ಅದಕ್ಕೆ ಅಮಾನತ್ ಎಂದು ಹೊಸ ಹೆಸರಿಟ್ಟು, ಚಿಲ್ಲಾ ಮುಗಿಯುವ ಮುಂಚೆಯೇ ಹಾಸಿಗೆಯ ಮೇಲಿಂದ ಬಿಡುಗಡೆ ಮಾಡಿದಳು. ಕವಲಿಗೂ ಕವಲು. ಯಾಕೆ ಬೇರೆಯಾದೆ ಎಂದು ನಾಲ್ಕು ಸಾಲು ಬರೆದಳು, ಯಾರ ಹೆಸರನ್ನೂ ಎತ್ತಿ ಬೈಯಲಿಲ್ಲ. ಬೈಯುವ ಕೆಲಸ ನನಗೆ ಬಿಟ್ಟಿದ್ದಳು, ನಾನು ಬಾಕಿ ಉಳಿಸಿಲ್ಲ.

ಲೋಕವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು ಎಂದು ತಿಳಿಯಬೇಡಿ. ಜಾಲತಾಣ ನಡೆಸುವವರು ತಮ್ಮ ಕೋಡಿನಲ್ಲಿ ಒಂದು ಸಾಲು ಬದಲಿಸಿದರೆ ಹಳೆಯದು ಹೋಗಿ ಇವಳದು ಬರುತ್ತದೆ. ಆ ಒಂದು ಸಾಲು ಬದಲಿಸಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ನಮ್ಮ ಕಡೆಯ ಕೆಲವು ಸೆಂಟರುಗಳು ಫರಹೀನ ಕಟ್ಟಿಕೊಟ್ಟ ಅರ್ಜಿಯ ಪುಟಗಳನ್ನೇ ಬಳಸುತ್ತಿದ್ದವು. ಅವರನ್ನು ಕಂಡು ಮಾತಾಡಿಸಿ ಬರಲು ನಾನು ಬಸ್ಸು ಹತ್ತಿದೆ. ಯಡ್ರಾಮಿಯವರು ಒಪ್ಪಿದರು. ಅಫಜಲಪುರದ ಶರಫುದ್ದೀನ ಚಹಾ ಕುಡಿಸಿ, "ಎಲ್ಲಾರೂ ಅದನ್ನೇ ಬಳಸ್ತಾರ್ರಿ. ನಿಮ್ಮದು ಎಷ್ಟು ದಿನ ಇರ್ತದೋ ಏನೋ" ಎಂದು ಕಳಿಸಿದ. ಅದನ್ನು ಬಂದು ಹೇಳಿದಾಗ ಫರಹೀನ ಅತ್ತಳು. ಕೂಸು ಹುಟ್ಟುವಾಗ ಬಾಯಿ ಬಿಡದವಳು ಅವತ್ತು ನನ್ನ ಹೆಗಲ ಮೇಲೆ ತಲೆಯಿಟ್ಟು, "ನನ್ನದೇ ಹೆಸರಿನ ಮ್ಯಾಲ ನಡದದ ಬೇ ಅದು" ಎಂದು ಅತ್ತಳು.

ಆ ಮಾತಿಗೆ ಅರ್ಥವಿತ್ತು. ಇಂಥ ಕೋಡಿನ ಪ್ರತಿಯೊಂದು ಕಡತದ ತಲೆಯ ಮೇಲೆ ಮೊದಲು ಬರೆದವರ ಹೆಸರು, ಮಿಂಚಂಚೆಯ ವಿಳಾಸ ಇರುತ್ತದೆ. ಯಾರು ತಗೊಂಡು ಏನು ಮಾಡಿದರೂ ಆ ಸಾಲನ್ನು ಉಳಿಸಿಕೊಳ್ಳಬೇಕು, ಅದು ಪರವಾನಗಿಯ ಕರಾರು. ಹಾಗಾಗಿ ಜನರ ಬರಹವನ್ನು ಕದ್ದು ಒಯ್ಯುವ ಹೊಸ ಪ್ಯಾಕೇಜಿನ ಮೇಲೂ ಆಳಂದದ ಫರಹೀನಳ ಹೆಸರು. ಅವಳು ಕವಲಿನವರಿಗೆ ಬರೆದಳು: ನನ್ನ ಹೆಸರು ತೆಗೆಯಿರಿ. ಅವರು ಮತ್ತೆ ಭಾರಿ ವಿನಯದಿಂದ ಉತ್ತರಿಸಿದರು: ಕರಾರಿನ ಪ್ರಕಾರ ತೆಗೆಯಲು ಬರುವುದಿಲ್ಲ, ನಿಮ್ಮ ಕೊಡುಗೆಯನ್ನು ನಾವು ಗೌರವಿಸುತ್ತೇವೆ. ಆ ಗೌರವಕ್ಕೆ ಬೆಂಕಿ ಹಾಕಬೇಕು ಅನ್ನಿಸಿತ್ತು ನನಗೆ.

ಮಳೆಗಾಲ ಶುರುವಾಗುವ ಹೊತ್ತಿಗೆ ದೂರದೇಶದಿಂದ ಒಂದು ಪತ್ರ ಬಂತು. ಎಲ್ಲಿಯದೋ ಆಸ್ಪತ್ರೆಯ ಗುಮಾಸ್ತನದು. ರೋಗಿಯೊಬ್ಬಳು ಬರೆದು ಅಳಿಸಿದ ಮಾತು ಹೊರಗಿನವರ ಕೈಗೆ ಸಿಕ್ಕಿತ್ತು. ಎಲ್ಲಿಂದ ಸೋರಿತು ಎಂದು ಹುಡುಕಿ, ಕಡತ ತೆರೆದು, ಮೇಲಿದ್ದ ಹೆಸರು ನೋಡಿ ಅವನು ಫರಹೀನಳಿಗೆ ಬರೆದಿದ್ದ. ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದ್ದ. ನಾನಾಗಿದ್ದರೆ ಕಂಪ್ಯೂಟರು ಮುಚ್ಚಿ ಮನೆಗೆ ಹೋಗುತ್ತಿದ್ದೆ. ಫರಹೀನ ಅದನ್ನು ನಿಧಾನವಾಗಿ ಓದಿ, ತೊಡೆಯ ಮೇಲಿನ ಕೂಸನ್ನು ನನಗೆ ಕೊಟ್ಟು, ಉತ್ತರ ಬರೆದಳು: "ಹೆಸರು ನನ್ನದು, ನಿಜ. ಈಗಿನ ಕೆಲಸ ನನ್ನದಲ್ಲ. ನೀವು ಮೊದಲು ಬಳಸುತ್ತಿದ್ದದ್ದು ಇಲ್ಲಿದೆ, ಒಂದು ಸಾಲು ಬದಲಿಸಿ. ಆಗದಿದ್ದರೆ ನಾನೇ ಬದಲಿಸಿ ಕೊಡುತ್ತೇನೆ."

ಅವನು ಬದಲಿಸಿದ. ಮರುವಾರ ಇನ್ನೊಬ್ಬರು, ಅದರ ಹಿಂದೆ ಮತ್ತೊಬ್ಬರು. ಒಂದು ಶಾಲೆ, ಒಂದು ಸಹಕಾರಿ ಸಂಘ, ವಕೀಲರ ಕಚೇರಿ. ಬೈಯಲು ಬಂದವರೆಲ್ಲ ಆ ಹೆಸರು ಹಿಡಿದುಕೊಂಡೇ ನಮ್ಮ ಓಣಿಯ ತನಕ ಬರುತ್ತಿದ್ದರು. ಅವಳು ಯಾರಿಗೂ ಉತ್ತರ ಕೊಡದೆ ಬಿಡಲಿಲ್ಲ. ಅಫಜಲಪುರದಿಂದ ಶರಫುದ್ದೀನನೂ ಫೋನ್ ಮಾಡಿ, "ಆ ಒಂದು ಸಾಲು ಯಾವದ್ರಿ ಅದು?" ಎಂದು ಕೇಳಿದ. ಈಗಲೂ ಕವಲಿನದೇ ದೊಡ್ಡದು, ಇವಳದು ಸಣ್ಣದು. ಆದರೆ ಅಲ್ಲಿಂದ ಇಲ್ಲಿಗೆ ದಾರಿ ಬಿದ್ದಿತ್ತು, ಮತ್ತು ಅದನ್ನು ಅವರೇ ತಮ್ಮ ಕಡತದ ತಲೆಯ ಮೇಲೆ ಬರೆದಿಟ್ಟುಕೊಂಡಿದ್ದರು.

ಮೊನ್ನೆ ಮಧ್ಯಾಹ್ನ ಪರಮೇಶನ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು, ನಾನು ಕೇಳಲಿ ಅಂತಲೇ.

"ತಂಗಿ, ಮ್ಯಾಲಿನವ್ರು ಭಾಳ ತ್ರಾಸ ಮಾಡ್ಕೊಂಡಾರ. ನಮ್ಮ ದೂರಿಗೆಲ್ಲಾ ನೀ ಉತ್ತರ ಕೊಡಾಕತ್ತಿ, ಮಂದಿ ಬಿಟ್ಟು ಹೋಗಾಕತ್ತಾರ. ನಿನ್ನ ಹೆಸರು ತಗೀಬೇಕಂತ ಅವ್ರೇ ಈಗ ಅಂತಾರ. ವಕೀಲರಿಗೆ ಕೇಳ್ಯಾರ. ನೀ ಒಪ್ಪಿದ್ರಷ್ಟ ತಗೀಬಹುದಂತ. ಆಗ ನೀ ತಗೀರಿ ಅಂದಾಗ ನಾವೇ ಆಗಂಗಿಲ್ಲ ಅಂದೀವಿ, ಈಗ ಹೊಸದಾಗಿ ಒಪ್ಪಿಗಿ ಬರದು ಕೊಡ್ತೀಯೇನವ್ವ?"

ಕೌಂಟರಿನ ಆಚೆ ಬೆಳೆ ವಿಮೆಗೆ ಬಂದವರು ಸಾಲಾಗಿ ನಿಂತಿದ್ದರು. ನನ್ನ ಕೈ ಅರ್ಜಿಯ ಮೇಲೇ ನಿಂತಿತ್ತು.

"ಅಂದ್ರ ಈಗ ನೀವು ನನಗ ಕೇಳಾಕತ್ತೀರಿ" ಎಂದಳು ಫರಹೀನ.

"ಹೌದವ್ವ, ಕೇಳಾಕತ್ತೇವಿ."

"ಛಲೋ ಆತು, ಪರಮೇಶಣ್ಣ. ಕೇಳೋದು ಕಲ್ತೀರಿ. ಕೇಳಿದ್ರ ಇಲ್ಲ ಅಂತಾರಂತ ಅಂಜಿಕಿ ಇತ್ತಲ್ಲ ನಿಮಗ? ಇಲ್ಲ ಅಂದಾಳಂತ ಹೇಳ್ರಿ ಅವರಿಗೆ."